180 ವೋಲ್ಟಿನಲ್ಲಿ 2000 ವ್ಯಾಟ್ ಗೀಸರ್ ಎಷ್ಟು ವ್ಯಾಟ್ ಎಳೆಯುತ್ತದೆ? ಮನೆಯಲ್ಲಿ ಮೂವರದ್ದು ಮೂರು ಲೆಕ್ಕ

ತೋಟದ_ಮನೆ
ನಮ್ಮದು ತೀರ್ಥಹಳ್ಳಿ ಕಡೆ ಒಂಟಿ ಮನೆ. ಸಂಜೆಯಾದರೆ ವೋಲ್ಟೇಜ್ ಬೀಳುತ್ತದೆ. ಬಚ್ಚಲುಮನೆ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದರೆ 180ರ ಆಸುಪಾಸು. ಗೀಸರ್ 25 ಲೀಟರಿನದು. ಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. ಸಂಜೆ ಸ್ವಿಚ್ ಹಾಕಿದರೆ ನೀರು ಕಾಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ.

ಪ್ರಶ್ನೆ ಇಷ್ಟೇ. 180 ವೋಲ್ಟಿಗೆ ಇದು ನಿಜವಾಗಿ ಎಷ್ಟು ವ್ಯಾಟ್?

ಪಿಯುಸಿ ಓದುವ ಮಗಳು 2000ವನ್ನು 230ರಿಂದ ಭಾಗಿಸಿ 8.7 ಆಂಪ್ ತೆಗೆದಳು. ಅದನ್ನು 180ರಿಂದ ಗುಣಿಸಿ 1565 ವ್ಯಾಟ್ ಅಂದಳು. ವೈರಿಂಗ್ ಮಾಡುವವರು "ವೋಲ್ಟೇಜ್ ಕಮ್ಮಿ ಆದ್ರೆ ಆಂಪ್ ಜಾಸ್ತಿ ಎಳೆಯುತ್ತೆ, ವ್ಯಾಟ್ ಅಷ್ಟೇ ಇರುತ್ತೆ" ಅನ್ನುತ್ತಾರೆ. ಅಂದರೆ 11 ಆಂಪ್! ಮೈಸೂರಿನಲ್ಲಿರುವ ಭಾವ ಇಂಜಿನಿಯರ್. ಅವರು 1225 ಅಂದು ಫೋನ್ ಇಟ್ಟರು, ಯಾಕೆ ಅಂತ ಹೇಳಲಿಲ್ಲ. ಯಾರು ಸರಿ?

ಸುಮ್ನೆ_ಓದುಗ
ಬಚ್ಚಲು ಒಲೆಗೆ ನಾಲ್ಕು ಹಿಡಿ ಅಡಿಕೆ ಸಿಪ್ಪೆ ತುಂಬಿ ಸ್ವಾಮಿ. ಅದಕ್ಕೆ ವೋಲ್ಟೇಜೂ ಬೇಡ, ಭಾವನೂ ಬೇಡ.

ಓಮ್_ಕಾರ
ಭಾವ ಸರಿ.

ವೋಲ್ಟೇಜ್ ಬದಲಾದಾಗ ಯಾವುದು ಬದಲಾಗದೆ ಉಳಿಯುತ್ತದೆ ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು. ನಿಮ್ಮ ಮಗಳು ಆಂಪ್ ಬದಲಾಗಲ್ಲ ಅಂದುಕೊಂಡಳು. ವೈರಿಂಗಿನವರು ವ್ಯಾಟ್ ಬದಲಾಗಲ್ಲ ಅಂದರು. ಗೀಸರಿನಲ್ಲಿ ಬದಲಾಗದೆ ಇರುವುದು ಕಾಯಿಲಿನ ರೋಧ, ಅಂದರೆ ಓಮ್.

ಆ ಓಮ್ ತೆಗೆಯೋಣ. 2000 ವ್ಯಾಟ್ ÷ 230 ವೋಲ್ಟ್ = 8.7 ಆಂಪ್. 230 ವೋಲ್ಟ್ ÷ 8.7 ಆಂಪ್ = 26.45 ಓಮ್. ಈಗ 180 ವೋಲ್ಟ್ ಕೊಟ್ಟರೆ 180 ÷ 26.45 = 6.8 ಆಂಪ್. ಆಂಪ್ ಕೂಡ ಇಳಿಯಿತು, ನೋಡಿ. 180 × 6.8 = 1225 ವ್ಯಾಟ್. ನೇರ ದಾರಿ ಬೇಕಿದ್ದರೆ ವೋಲ್ಟ್ × ವೋಲ್ಟ್ ÷ ಓಮ್. ವೋಲ್ಟೇಜ್ ಇಳಿದದ್ದು 22 ಶೇಕಡಾ, ವ್ಯಾಟ್ ಇಳಿದದ್ದು 39 ಶೇಕಡಾ. ಸಂಜೆ ನೀರು ಕಾಯದಿರುವುದಕ್ಕೆ ಕಾರಣ ಇದೇ.

ಬೋರ್‌ವೆಲ್_ಬಸು
ಇದನ್ನು ಒಪ್ಪಲ್ಲ ಸರ್. ನಮ್ಮ ಕಡೆ, ಚಿತ್ರದುರ್ಗದ ಹತ್ತಿರ, ವೋಲ್ಟೇಜ್ ಬಿದ್ದಾಗಲೇ ಮೋಟರ್ ಸುಡುವುದು. ಸ್ಟಾರ್ಟರಿನ ಆಂಪ್ ಮೀಟರ್ ಮುಳ್ಳು ಮೇಲೆ ಹೋಗುವುದನ್ನು ಕಣ್ಣಾರೆ ನೋಡುತ್ತೇನೆ. ಪುಸ್ತಕದ ಲೆಕ್ಕ ಬೇರೆ, ಹೊಲದ ಲೆಕ್ಕ ಬೇರೆ. ವೈರಿಂಗಿನವರ ಮಾತೇ ಸರಿ.

ಹಳೆ_ಲೈನ್‌ಮ್ಯಾನ್
ಬಸು ಅವರೇ, ನಿಮ್ಮ ಮುಳ್ಳು ಸುಳ್ಳು ಹೇಳುತ್ತಿಲ್ಲ. ಆದರೆ ಗೀಸರ್ ಮೋಟರ್ ಅಲ್ಲ.

ಮೋಟರಿಗೆ ನೀರು ಎತ್ತುವ ಕೆಲಸ ಇದೆ. ವೋಲ್ಟೇಜ್ ಕಮ್ಮಿ ಆಯಿತು ಅಂತ ಬೋರಿನ ಆಳ ಕಮ್ಮಿ ಆಗುವುದಿಲ್ಲ. ತಿರುಗುವ ವೇಗ ಸ್ವಲ್ಪ ತಗ್ಗುತ್ತದೆ. ಅದೇ ಹೊರೆ ಎಳೆಯಲು ಮೋಟರ್ ಹೆಚ್ಚು ಆಂಪ್ ತೆಗೆದುಕೊಳ್ಳುತ್ತದೆ. ವೈಂಡಿಂಗ್ (ಮೋಟರಿನೊಳಗೆ ಸುತ್ತಿದ ತಂತಿ) ಬಿಸಿ ಆಗುವುದು ಆಂಪ್ × ಆಂಪ್ × ಓಮ್ ಲೆಕ್ಕದಲ್ಲಿ. ಆಂಪ್ 20 ಶೇಕಡಾ ಏರಿದರೆ ಬಿಸಿ 44 ಶೇಕಡಾ ಏರುತ್ತದೆ. ತಂತಿಯ ಮೇಲಿನ ವಾರ್ನಿಶ್ ಸುಟ್ಟು ವೈಂಡಿಂಗ್ ಹೋಗುತ್ತದೆ. ಗೀಸರಿಗೆ ಇಂಥ ಹಟ ಇಲ್ಲ. ಕೊಟ್ಟಷ್ಟು ತಗೊಳ್ಳುತ್ತದೆ, ಅಷ್ಟೇ ಕಾಯಿಸುತ್ತದೆ. ವೈರಿಂಗಿನವರು ಮೋಟರ್ ಕೆಲಸ ಜಾಸ್ತಿ ಮಾಡಿರಬೇಕು, ಅಲ್ಲಿಯ ಮಾತನ್ನು ಇಲ್ಲಿ ಹೇಳಿದ್ದಾರೆ.

ಬೋರ್‌ವೆಲ್_ಬಸು
ಹಾಗಾದರೆ ಲ್ಯಾಪ್‌ಟಾಪ್ ಚಾರ್ಜರ್? ಅದರಲ್ಲಿ ಮೋಟರೂ ಇಲ್ಲ, ಕಾಯಿಲೂ ಇಲ್ಲ.

ಓಮ್_ಕಾರ
ಅದು ವೈರಿಂಗಿನವರು ಹೇಳಿದ ಜಾತಿ. 100ರಿಂದ 240 ವೋಲ್ಟ್ ಎಂದು ಬರೆದಿರುತ್ತದಲ್ಲ, ಒಳಗಿನ ಸರ್ಕ್ಯೂಟು ವ್ಯಾಟನ್ನು ಹೆಚ್ಚುಕಡಿಮೆ ಒಂದೇ ಇಟ್ಟುಕೊಂಡು ಆಂಪನ್ನು ಹೊಂದಿಸಿಕೊಳ್ಳುತ್ತದೆ. ಎಲ್ಲ ವಸ್ತುವಿಗೂ ಒಂದೇ ಸೂತ್ರ ಹಾಕಲು ಹೋದರೆ ಜಗಳ ಮುಗಿಯಲ್ಲ.

ಗದಗಿನ_ಗೆಳತಿ
ಕಾಯಿಲಿನ ಓಮ್ ಬದಲಾಗಲ್ಲ ಅಂತ ಇಷ್ಟು ಧೈರ್ಯದಿಂದ ಹೇಗೆ ಹೇಳ್ತೀರಿ? ಮನೆಯಲ್ಲಿ ಹಳೆಯ 60 ವ್ಯಾಟ್ ಬುರುಡೆ ಬಲ್ಬ್ ಒಂದಿತ್ತು. ಮಲ್ಟಿಮೀಟರ್ ಹಿಡಿದೆ, 64 ಓಮ್ ಬಂತು. 230 × 230 ÷ 64 ಮಾಡಿದರೆ 826 ವ್ಯಾಟ್! ಕಂಪನಿಯವರು 60 ಅಂತ ಬರೆದು 826 ಕೊಟ್ಟರೇನ್ರಿ? ಅಷ್ಟು ಧಾರಾಳಿಗಳಾ?

ಓಮ್_ಕಾರ
ಈ ಚರ್ಚೆಯ ಬೆಸ್ಟ್ ಪ್ರಶ್ನೆ ಇದು.

ನೀವು ಅಳೆದದ್ದು ತಣ್ಣಗಿದ್ದ ಬಲ್ಬನ್ನು. ಉರಿಯುವಾಗ ಒಳಗಿನ ಟಂಗ್‌ಸ್ಟನ್ ತಂತಿ 2000 ಡಿಗ್ರಿ ದಾಟಿರುತ್ತದೆ. ಬಿಸಿ ಏರಿದಂತೆ ಟಂಗ್‌ಸ್ಟನ್ನಿನ ರೋಧ ಏರುತ್ತದೆ. ಉರಿಯುವಾಗ ಅದು 230 × 230 ÷ 60, ಅಂದರೆ 882 ಓಮ್. ತಣ್ಣಗಿದ್ದಾಗಿನ ಹದಿನಾಲ್ಕು ಪಟ್ಟು. ಸ್ವಿಚ್ ಹಾಕಿದ ಆ ಕ್ಷಣ ನಿಜಕ್ಕೂ 3.6 ಆಂಪ್ ನುಗ್ಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ 0.26ಕ್ಕೆ ಇಳಿಯುತ್ತದೆ. ಹಳೆ ಬಲ್ಬುಗಳು ಸ್ವಿಚ್ ಹಾಕಿದಾಗಲೇ "ಟಪ್" ಅಂತ ಹೋಗುತ್ತಿದ್ದವಲ್ಲ, ಅದಕ್ಕೆ ಇದೂ ಒಂದು ಕಾರಣ.

ಗೀಸರಿನ ಕಾಯಿಲ್ ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ). ಅದರ ರೋಧ ಬಿಸಿಗೆ ತೀರಾ ಸ್ವಲ್ಪ ಬದಲಾಗುತ್ತದೆ. ಸಾಲದ್ದಕ್ಕೆ ಸುತ್ತಲೂ ನೀರು ಇರುವುದರಿಂದ ಅದು ಕೆಂಪಗೆ ಕಾಯುವುದೂ ಇಲ್ಲ. ಹಾಗಾಗಿ ಗೀಸರನ್ನು ತಣ್ಣಗೆ ಅಳೆದರೂ ಲೆಕ್ಕ ಕೆಡುವುದಿಲ್ಲ.

ಗದಗಿನ_ಗೆಳತಿ
ಈಗ ಸಮಾಧಾನ ಆಯ್ತು. ಕಂಪನಿಯವರು ಧಾರಾಳಿಗಳಲ್ಲ.

ಡಲ್ಲಾಸ್_ಕನ್ನಡಿಗ
ವೋಲ್ಟ್ × ವೋಲ್ಟ್ ಅನ್ನುವುದು ಎಷ್ಟು ಮುಖ್ಯ ಅಂತ ಇಲ್ಲಿಗೆ ಬಂದಾಗ ತಿಳಿಯಿತು. ಅಮ್ಮ ಪ್ರೀತಿಯಿಂದ 1500 ವ್ಯಾಟಿನ ಕೆಟಲ್ ಕಟ್ಟಿ ಕಳಿಸಿದ್ದರು. ಇಲ್ಲಿ 120 ವೋಲ್ಟ್. ಕೆಟಲಿನ ರೋಧ 35.3 ಓಮ್. 120 × 120 ÷ 35.3 = 408 ವ್ಯಾಟ್. ವೋಲ್ಟೇಜ್ ಅರ್ಧ, ಕೆಲಸ ಕಾಲು ಭಾಗ. ಕಾಫಿಗೆ ನೀರಿಟ್ಟು ಸ್ನಾನ ಮುಗಿಸಿ ಬರಬಹುದು.

ಇದನ್ನೇ ತಿರುಗಿಸಿದರೆ ಅಪಾಯ. ಇಲ್ಲಿಯ 1000 ವ್ಯಾಟಿನ ಹೀಟರನ್ನು ಪಿನ್ ಬದಲಿಸಿ ಊರಿನಲ್ಲಿ ಚುಚ್ಚಿದರೆ 3600 ವ್ಯಾಟ್ ದಾಟುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ತೋಟದ_ಮನೆ
ವಿವರಣೆ ಅರ್ಥ ಆಯಿತು. ಮಗಳಿಗೂ ತೋರಿಸಿದೆ. "ಸೂತ್ರ ಸರಿ ಇತ್ತು, ಆಂಪ್ ಅದೇ ಇರುತ್ತೆ ಅಂದುಕೊಂಡಿದ್ದೇ ತಪ್ಪು" ಅಂದಳು. ವೈರಿಂಗಿನವರು ಮಾತ್ರ "ಅಳೆದು ತೋರಿಸಿ" ಅಂತಿದ್ದಾರೆ. ವೈರಿಗೆ ಕೊಂಡಿ ಹಾಕಿ ಆಂಪ್ ನೋಡುವ ಕ್ಲ್ಯಾಂಪ್ ಮೀಟರ್ ನನ್ನ ಹತ್ತಿರ ಇಲ್ಲ. ಮಲ್ಟಿಮೀಟರಿನಲ್ಲಿ ಆಂಪ್ ನೋಡಬಹುದಾ?

ಹಳೆ_ಲೈನ್‌ಮ್ಯಾನ್
ಬೇಡವೇ ಬೇಡ. ಮಲ್ಟಿಮೀಟರಿನಲ್ಲಿ ಆಂಪ್ ನೋಡಬೇಕೆಂದರೆ ವೈರ್ ಕತ್ತರಿಸಿ ಮೀಟರನ್ನು ನಡುವೆ ಸೇರಿಸಬೇಕು. ಆಂಪ್ ತೂತಿಗೆ ಪ್ರೋಬ್ ಹಾಕಿ ಪ್ಲಗ್ಗಿನ ಎರಡು ತೂತಿಗೆ ಇಟ್ಟರೆ ಅದು ನೇರ ಶಾರ್ಟ್. ಮೀಟರ್ ಸಿಡಿದು ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಓಮ್ ಅಳೆಯಬಹುದು. ಎಂಸಿಬಿ (ಆಂಪ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಗೀಸರಿನ ಪ್ಲಗ್ ಕಿತ್ತು, ಆ ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ ಹಿಡಿಯಿರಿ. ನೀರು ಕಾದು ಥರ್ಮೋಸ್ಟಾಟ್ ಕಟ್ ಆಗಿದ್ದರೆ ಏನೂ ತೋರಿಸುವುದಿಲ್ಲ. ಕಾಯಿಲ್ ಹೋಯಿತು ಅಂತ ಗಾಬರಿ ಬೇಡ, ತಣ್ಣಗಾದ ಮೇಲೆ ನೋಡಿ.

ಮುಂದೆ ಕ್ಲ್ಯಾಂಪ್ ಮೀಟರ್ ತಂದರೆ ಒಂದೇ ವೈರನ್ನು ಕೊಂಡಿಯೊಳಗೆ ಹಾಕಬೇಕು. ಎರಡನ್ನೂ ಸೇರಿಸಿ ಹಾಕಿದರೆ ಹೋಗುವುದೂ ಬರುವುದೂ ಕಳೆದು ಸೊನ್ನೆ ಬರುತ್ತದೆ.

ಓಮ್_ಕಾರ
ಆಂಪ್ ಬೇಕಿಲ್ಲ, ನಿಮ್ಮ ಕರೆಂಟ್ ಮೀಟರೇ ವ್ಯಾಟ್ ಹೇಳುತ್ತದೆ. ಡಿಜಿಟಲ್ ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಪಕ್ಕದಲ್ಲೇ ಬರೆದಿರುತ್ತದೆ, 3200 ಅಥವಾ 1600 ಹೀಗೆ. ಗೀಸರ್ ಬಿಟ್ಟು ಎಲ್ಲ ಆರಿಸಿ ಒಂದು ನಿಮಿಷ ಎಣಿಸಿ. 3200ರ ಮೀಟರ್ ಆದರೆ ಭಾವನ 1225ಕ್ಕೆ 65 ಸಲ ಮಿನುಗಬೇಕು. ಮಗಳ 1565ಕ್ಕೆ 83. ವೈರಿಂಗಿನವರ 2000ಕ್ಕೆ 107.

ಸುಮ್ನೆ_ಓದುಗ
ವೋಲ್ಟೇಜ್ ಕಮ್ಮಿ ಇದ್ದಾಗ ಗೀಸರ್ ಹಾಕಿದರೆ ಬಿಲ್ ಉಳಿಯುತ್ತೆ ಅಂತಾಯ್ತು!

ಪಾಠದ_ಮೇಷ್ಟ್ರು
ಉಳಿಯಲ್ಲ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4186 ಕಿಲೋಜೂಲ್ ಬೇಕು. ಯೂನಿಟ್ ಲೆಕ್ಕದಲ್ಲಿ 1.16. ಪೂರ್ತಿ 2000 ವ್ಯಾಟ್ ಸಿಕ್ಕರೆ 35 ನಿಮಿಷ, 1225 ಸಿಕ್ಕರೆ 57 ನಿಮಿಷ. ಮೀಟರ್ ನಿಧಾನ ಓಡುತ್ತದೆ, ಆದರೆ ಹೆಚ್ಚು ಹೊತ್ತು ಓಡುತ್ತದೆ. ಕಾಯುವ ಹೊತ್ತಿನಲ್ಲಿ ಟ್ಯಾಂಕಿನಿಂದ ಸೋರುವ ಬಿಸಿ ಸೇರಿಸಿದರೆ ಒಂಚೂರು ಜಾಸ್ತಿಯೇ ಆದೀತು.

ತೋಟದ_ಮನೆ
ಮಾಡಿ ನೋಡಿದೆವು. ಕಾಯಿಲ್ 26.5 ಓಮ್ ತೋರಿಸಿತು. ಸಂಜೆ ಗೀಸರ್ ಓಡುತ್ತಿರುವಾಗ ಬಚ್ಚಲಿನ ಪಕ್ಕದ ಸಾಕೆಟ್ಟಿನಲ್ಲಿ 182 ವೋಲ್ಟ್. ಮೀಟರ್ 3200ರದ್ದು. ಮಗಳು ಎಣಿಸಿದಳು, ನಿಮಿಷಕ್ಕೆ 71. ನಾನೂ ಎಣಿಸಿದೆ, 71. 71 × 60 ÷ 3200 × 1000, ಅಂದರೆ 1331 ವ್ಯಾಟ್. ಆದರೆ 182 × 182 ÷ 26.5 ಮಾಡಿದರೆ 1250 ಬರುತ್ತದೆ. 81 ವ್ಯಾಟ್ ಎಲ್ಲಿಗೆ ಹೋಯಿತು?

ಬೋರ್‌ವೆಲ್_ಬಸು
ನಾನು ಹೇಳಲಿಲ್ವಾ! ಲೆಕ್ಕಕ್ಕಿಂತ ಜಾಸ್ತಿ ಎಳೆಯುತ್ತಿದೆ.

ಗದಗಿನ_ಗೆಳತಿ
ಫ್ರಿಜ್ ಆರಿಸಿದ್ರೇನ್ರಿ? ವೈಫೈ ಡಬ್ಬಿ? ಇನ್ವರ್ಟರ್ ಚಾರ್ಜಿಂಗ್?

ತೋಟದ_ಮನೆ
ಎಲ್ಲ ಎಂಸಿಬಿ ಕೆಳಗಿತ್ತು. ಗೀಸರಿನದೊಂದೇ ಮೇಲೆ. ಗೀಸರ್ ಆರಿಸಿದರೆ ದೀಪ ಮಿನುಗುವುದೇ ನಿಂತಿತು.

ಓಮ್_ಕಾರ
ಹಾಗಿದ್ದರೆ ಮಜಾ ಇದೆ. ಕರೆಂಟ್ ಮೀಟರ್ ಎಣಿಸುವುದು ಗೀಸರನ್ನು ಮಾತ್ರ ಅಲ್ಲ. ಮೀಟರಿನಿಂದ ಬಚ್ಚಲಿನವರೆಗಿನ ವೈರ್ ಕೂಡ ಅದರ ಲೆಕ್ಕದಲ್ಲಿ ಬರುತ್ತದೆ. ಗೀಸರ್ ಓಡುತ್ತಿರುವಾಗಲೇ ಮೇನ್ ಹತ್ತಿರ ವೋಲ್ಟೇಜ್ ಎಷ್ಟಿದೆ ನೋಡಿ. ತೆರೆದ ಟರ್ಮಿನಲ್ ಮುಟ್ಟಬೇಡಿ. ಮೇನ್ ಬೋರ್ಡಿನ ಪಕ್ಕದಲ್ಲೇ ಸಾಕೆಟ್ ಇದ್ದರೆ ಸಾಕು. ವೈರ್ ಎಷ್ಟು ಉದ್ದ, ಎಷ್ಟು ದಪ್ಪ ಅಂತಲೂ ಹೇಳಿ.

ತೋಟದ_ಮನೆ
ಮೇನ್ ಹತ್ತಿರ 194. ಬಚ್ಚಲಿನಲ್ಲಿ 182. ವೈರ್ ತಾಮ್ರ, 1.5 ಸ್ಕ್ವೇರ್ ಎಂಎಂ, ಹಳೆಯ ವೈರಿಂಗ್. ಮೇನ್‌ನಿಂದ ಬಚ್ಚಲಿಗೆ ಸುಮಾರು 25 ಮೀಟರ್.

ಓಮ್_ಕಾರ
ಹತ್ತಿರದ ಸಾಕೆಟ್ ಉಪಯೋಗಿಸಿದಿರಿ ತಾನೇ. ಸರಿ, ಲೆಕ್ಕ ನೋಡಿ.

ಗೀಸರಿನಲ್ಲಿ ಹರಿಯುವುದು 182 ÷ 26.5 = 6.87 ಆಂಪ್. ಅದೇ ಆಂಪ್ ವೈರಿನಲ್ಲೂ ಹರಿಯುತ್ತದೆ, ಬೇರೆ ದಾರಿ ಇಲ್ಲ. ದಾರಿಯಲ್ಲಿ ಬಿದ್ದ ವೋಲ್ಟೇಜ್ 12. ವೈರ್ ತಿಂದದ್ದು 12 × 6.87 = 82 ವ್ಯಾಟ್. ನಿಮ್ಮ ಕಳೆದುಹೋದ 81 ಸಿಕ್ಕಿತು.

ಈಗ ಓಮ್ ತೆಗೆಯಿರಿ. 12 ÷ 6.87 = 1.75 ಓಮ್. 1.5 ಸ್ಕ್ವೇರ್ ಎಂಎಂ ತಾಮ್ರಕ್ಕೆ ಒಂದು ಮೀಟರಿಗೆ 0.0121 ಓಮ್. ಫೇಸ್ ಹೋಗುವುದು, ನ್ಯೂಟ್ರಲ್ ಬರುವುದು ಸೇರಿ 50 ಮೀಟರ್. 0.6 ಓಮ್ ಇರಬೇಕಿತ್ತು. ಉಳಿದ 1.15 ಓಮ್ ವೈರಿನದಲ್ಲ. ಎಲ್ಲೋ ಜಾಯಿಂಟ್ ಸಡಿಲ ಇದೆ. 6.87 × 6.87 × 1.15 = 54 ವ್ಯಾಟ್ ಆ ಒಂದು ಜಾಗದಲ್ಲಿ ಬಿಸಿಯಾಗಿ ಹೋಗುತ್ತಿದೆ. ಎರಡು ಸಾಲ್ಡರಿಂಗ್ ಐರನ್ನನ್ನು ಗೋಡೆಯೊಳಗೆ ಉರಿಯಲು ಬಿಟ್ಟ ಹಾಗೆ. ಇವತ್ತು ಆ ಗೀಸರ್ ಹಾಕಬೇಡಿ.

ಹಳೆ_ಲೈನ್‌ಮ್ಯಾನ್
ನೂರಕ್ಕೆ ನೂರು. ಮೊದಲು ನ್ಯೂಟ್ರಲ್ ಲಿಂಕ್ (ಬೋರ್ಡಿನಲ್ಲಿ ನ್ಯೂಟ್ರಲ್ ವೈರುಗಳು ಸೇರುವ ಪಟ್ಟಿ) ನೋಡಲು ಹೇಳಿ, ಆಮೇಲೆ ಸ್ವಿಚ್ಚಿನ ಸ್ಕ್ರೂ, ಆಮೇಲೆ ಜಂಕ್ಷನ್ ಬಾಕ್ಸಿನಲ್ಲಿ ಟೇಪ್ ಸುತ್ತಿದ ಜಾಯಿಂಟ್. ಮತ್ತೆ ಎಂಸಿಬಿ ಇದೆಯಲ್ಲ ಅಂತ ಸುಮ್ಮನಿರಬೇಡಿ. 6.87 ಆಂಪ್ ಎಂಸಿಬಿಗೆ ಮಾಮೂಲಿ ಆಂಪ್. ಜಾಯಿಂಟ್ ಸುಟ್ಟು ಕರಕಲಾದರೂ ಅದು ಬೀಳುವುದಿಲ್ಲ.

ಕೋಲಾರದ_ಮಗ
ವೈರ್ ಕರೆಂಟ್ ತಿನ್ನುವ ಮಾತು ಬಂತಲ್ಲ, ನಮ್ಮೂರ ವಿಷಯ ಹೇಳಲೇಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ತಂದರು. 230 ವೋಲ್ಟಿನಲ್ಲಿ ತಂದಿದ್ದರೆ ಗಣಿಗೆ ಏನೂ ತಲುಪುತ್ತಿರಲಿಲ್ಲ. ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು. ಅಷ್ಟೇ ವ್ಯಾಟನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಆಂಪ್ ಹತ್ತನೇ ಒಂದು, ವೈರಿನ ನಷ್ಟ ನೂರನೇ ಒಂದು. ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ನಮ್ಮದು!

ಪಾಠದ_ಮೇಷ್ಟ್ರು
ಲೈನಿನ ಉದ್ದ ದೊಡ್ಡ ಸಾಧನೆಯೇ, ಒಪ್ಪುತ್ತೇನೆ. ಆದರೆ "ಏಷ್ಯಾದಲ್ಲೇ ಮೊದಲು" ಬೇಡ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೋದಲ್ಲಿ ಇನ್ನೂ ಮುಂಚೆ, 1891ರಲ್ಲಿ.

ಕೋಲಾರದ_ಮಗ
ಸರಿ ಮೇಷ್ಟ್ರೇ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮ್ಮ ಗಣಿಗಿಂತ ಮೂರು ವರ್ಷ ತಡವಾಗಿ. ಅದನ್ನಾದರೂ ಬಿಟ್ಟುಕೊಡಲ್ಲ.

ಹೊಸಪೇಟೆ_ಹುಡುಗ
ನನ್ನದೊಂದು ಡೌಟು. 9 ವ್ಯಾಟ್ ಎಲ್‌ಇಡಿ ಬಲ್ಬಿಗೆ ಕ್ಲ್ಯಾಂಪ್ ಹಾಕಿದೆ, 0.07 ಆಂಪ್. 230ರಿಂದ ಗುಣಿಸಿದರೆ 16 ಬರುತ್ತದೆ. ಹೆಚ್ಚು ಬಿಲ್ ಬರುತ್ತಾ?

ಓಮ್_ಕಾರ
ಬರಲ್ಲ. ಎಸಿಯಲ್ಲಿ ವೋಲ್ಟ್ × ಆಂಪ್ ಮಾಡಿದರೆ ಸಿಗುವುದು ವಿಎ (ವೋಲ್ಟ್-ಆಂಪ್). ಅದರಲ್ಲಿ ಎಷ್ಟು ಪಾಲು ನಿಜಕ್ಕೂ ಕೆಲಸಕ್ಕೆ ಹೋಗುತ್ತದೆ ಅನ್ನುವ ಪವರ್ ಫ್ಯಾಕ್ಟರಿನಿಂದ ಗುಣಿಸಿದರೆ ವ್ಯಾಟ್. ಗೀಸರಿಗೆ ಅದು ಹೆಚ್ಚುಕಡಿಮೆ 1, ಹಾಗಾಗಿ ಇಲ್ಲಿಯವರೆಗೆ ಆ ಮಾತು ಎತ್ತಲಿಲ್ಲ. ಅಗ್ಗದ ಎಲ್‌ಇಡಿಗೆ 0.5ರ ಮೇಲೆ ಎಲ್ಲೋ ಇರುತ್ತದೆ. ಮನೆಯ ಮೀಟರ್ ಬಿಲ್ ಮಾಡುವುದು ವ್ಯಾಟನ್ನೇ. 600 ವಿಎ ಯುಪಿಎಸ್ ತಂದು 600 ವ್ಯಾಟ್ ಹಾಕಿದವರು ಬೈದುಕೊಳ್ಳುವುದು ಇದೇ ಕಾರಣಕ್ಕೆ.

ತೋಟದ_ಮನೆ
ಸಿಕ್ಕಿತು! ಮೇನ್ ಬೋರ್ಡಿನ ನ್ಯೂಟ್ರಲ್ ಲಿಂಕ್. ಸ್ಕ್ರೂ ಕೈಯಲ್ಲೇ ತಿರುಗಿತು. ವೈರಿನ ತುದಿ ಕಪ್ಪಗಾಗಿ ಮೇಲಿನ ಪ್ಲಾಸ್ಟಿಕ್ ಗಟ್ಟಿಯಾಗಿ ಒಡೆದಿತ್ತು. ವೈರಿಂಗಿನವರೇ ತುದಿ ಕತ್ತರಿಸಿ, ಹೊಸ ಲಿಂಕ್ ಹಾಕಿ ಬಿಗಿ ಮಾಡಿದರು. ಈಗ ಮೇನ್ ಹತ್ತಿರ 193, ಬಚ್ಚಲಿನಲ್ಲಿ 189. ಮಿನುಗು ನಿಮಿಷಕ್ಕೆ 73. ಮಗಳೇ ಲೆಕ್ಕ ಹಾಕಿದಳು. ಗೀಸರಿಗೆ ಈಗ 1348 ವ್ಯಾಟ್, ಮೊದಲಿಗಿಂತ ಸುಮಾರು 100 ಜಾಸ್ತಿ. ವೈರಿಂಗಿನವರು ಮಿನುಗು ಎಣಿಸುವ ಉಪಾಯವನ್ನು ಫೋನಿನಲ್ಲಿ ಬರೆದುಕೊಂಡರು, ಆಂಪಿನ ವಿಷಯ ಮಾತ್ರ ಎತ್ತಲಿಲ್ಲ.

ಓಮ್_ಕಾರ
4 ವೋಲ್ಟ್ ÷ 7.1 ಆಂಪ್ = 0.56 ಓಮ್. ಬರೀ ವೈರಿನ ಲೆಕ್ಕಕ್ಕೆ ಸರಿಯಾಗಿ ಬಂತು. ಚೆಂದ.

ಹಳೆ_ಲೈನ್‌ಮ್ಯಾನ್
ಒಳಗಿನ ರೋಗ ಹೋಯಿತು, ಹೊರಗಿನದು ಹಾಗೇ ಇದೆ. ಹಳೆಯ ನಿಯಮದಲ್ಲಿ 6 ಶೇಕಡಾ ಏರುಪೇರಿಗೆ ಮಾತ್ರ ಅವಕಾಶ ಇತ್ತು, ಅಂದರೆ 216ಕ್ಕಿಂತ ಇಳಿಯಬಾರದು. ನಿಮಗೆ 193 ಬರುತ್ತಿದೆ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ನಿಮ್ಮ ಮನೆಗೆ ದೂರ ಇರಬೇಕು. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ. ಶಾಖಾ ಕಚೇರಿಗೆ ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ ಬರವಣಿಗೆಯಲ್ಲೂ ಕೊಡಿ. ಯಾವ ಹೊತ್ತಿಗೆ ಎಷ್ಟು ವೋಲ್ಟ್ ಅಂತ ಒಂದು ವಾರ ಬರೆದಿಟ್ಟು ಅದನ್ನೂ ಲಗತ್ತಿಸಿ. "ವೋಲ್ಟೇಜ್ ಕಮ್ಮಿ" ಅಂತಷ್ಟೇ ಬರೆದ ಅರ್ಜಿಗೆ ಬೆಲೆ ಇಲ್ಲ.

ಜೊತೆಗೆ ಗೀಸರಿಗೆ 1.5ರ ವೈರ್ ತೆಳು. 2.5 ಎಳೆಸಿ.

ಕೋಲಾರದ_ಮಗ
2.5 ಯಾಕೆ, 4 ಎಳೆಸಿಬಿಡಿ. ನಾಳೆ 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ತಂದರೆ 13 ಆಂಪ್.

ಹಳೆ_ಲೈನ್‌ಮ್ಯಾನ್
193 ವೋಲ್ಟ್ ಬರುವ ಮನೆಗೆ ಇನ್‌ಸ್ಟಂಟ್ ಗೀಸರ್ ತರುವವರಿಗೆ ನನ್ನ ನಮಸ್ಕಾರ.

ಬೋರ್‌ವೆಲ್_ಬಸು
ಎಲ್ಲ ಸರಿ, ಈಗ ನನ್ನ ಮೋಟರ್ ಲೆಕ್ಕ ಮಾಡಿಕೊಡಿ. 5 ಎಚ್‌ಪಿ, ತ್ರೀ ಫೇಸ್, 8 ಆಂಪ್ ತೋರಿಸುತ್ತದೆ. ಸ್ಟಾರ್ಟರಿನಿಂದ ಮೋಟರಿಗೆ 200 ಮೀಟರ್, 2.5ರ ತಾಮ್ರದ ಕೇಬಲ್.

ಓಮ್_ಕಾರ
2.5ಕ್ಕೆ ಮೀಟರಿಗೆ 0.0074 ಓಮ್. ಒಂದು ಕೋರಿಗೆ 1.48 ಓಮ್. ತ್ರೀ ಫೇಸಿನಲ್ಲಿ ವಾಪಸ್ ಬರುವ ವೈರ್ ಲೆಕ್ಕ ಹಿಡಿಯಬೇಡಿ, 1.732ರಿಂದ ಗುಣಿಸಿ. 1.732 × 8 × 1.48 ಅಂದರೆ 20 ವೋಲ್ಟಿನವರೆಗೆ ಕೇಬಲಿನಲ್ಲೇ ಬೀಳಬಹುದು. ಪವರ್ ಫ್ಯಾಕ್ಟರ್ ಹಿಡಿದರೆ ಸ್ವಲ್ಪ ಕಮ್ಮಿ. ಬಿಸಿಯಾಗಿ ಹೋಗುವುದು 3 × 8 × 8 × 1.48, ಸುಮಾರು 284 ವ್ಯಾಟ್. ಲೈನಿನಲ್ಲೇ ವೋಲ್ಟೇಜ್ ಬಿದ್ದ ದಿನ ಈ 20 ಕೂಡ ಸೇರಿಕೊಳ್ಳುತ್ತದೆ. ನಿಮ್ಮ ಮೋಟರ್ ಸುಡುವುದರಲ್ಲಿ ಕೇಬಲಿನ ಪಾಲೂ ಇದೆ.

ಬೋರ್‌ವೆಲ್_ಬಸು
ಅಂದ್ರೆ ರೀವೈಂಡಿಂಗಿಗೆ ಸುರಿದ ದುಡ್ಡಿನಲ್ಲಿ ಕೇಬಲ್ಲೇ ಬರುತ್ತಿತ್ತು. 4 ಸ್ಕ್ವೇರ್ ಎಂಎಂದು ಮೀಟರಿಗೆ ಎಷ್ಟಿದೆ ಈಗ, ಯಾರಾದರೂ ಇತ್ತೀಚೆಗೆ ತಗೊಂಡಿದ್ದೀರಾ?